ವರ್ಲಿನ್ ಟೇಟನ ನೆಟ್ಟಗಿನ ಟ್ರೇಲರ್

ವರ್ಲಿನ್ ಟೇಟ್ ಊಟಕ್ಕೆ ಬರುತ್ತಾನೆ ಎಂದು ಗೊತ್ತಾದರೆ ಕಾಟ್ರೆಲ್ ಊರಿನ ಹೆಂಗಸರು ಅಡುಗೆಗೂ ಮೊದಲು ಗೋಡೆಯ ಮೇಲಿನ ಫೋಟೋಗಳನ್ನು ಸರಿಪಡಿಸುತ್ತಾರೆ. ಎಷ್ಟು ಸರಿಪಡಿಸಿದರೂ ಅಷ್ಟೇ. ಅವನು ಬಂದು ಟೋಪಿ ತೆಗೆಯುತ್ತಾನೆ, ಕ್ಷೇಮ ಸಮಾಚಾರ ಕೇಳುತ್ತಾನೆ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗೋಡೆ ನೋಡುತ್ತಾನೆ. ಆಮೇಲೆ ಎದ್ದು ಹೋಗಿ ಆ ಮನೆಯ ಅಜ್ಜಿಯ ಫೋಟೋವನ್ನು ಕೂದಲೆಳೆಯಷ್ಟು ಎಡಕ್ಕೆ ತಳ್ಳಿ ಬಂದು ಕೂರುತ್ತಾನೆ. ಅಲ್ಲಿಯವರೆಗೆ ಅವನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಅವನ ಕಸುಬೇ ಅದು. ನೆಲ ಮಟ್ಟ ಮಾಡುವುದು. ಮನೆ ಕಟ್ಟುವ ಜಾಗ, ದನದ ಕೊಟ್ಟಿಗೆಯ ಜಾಗ, ಶಾಲೆಯ ಆಟದ ಬಯಲು, ಯಾವುದೇ ಇರಲಿ, ವರ್ಲಿನ್ ತನ್ನ ಹಳೆಯ ಬುಲ್ಡೋಜರ್ ಹತ್ತಿ ಎರಡು ಸಲ ಅತ್ತಿತ್ತ ಓಡಾಡಿದನೆಂದರೆ ನೀರು ಎತ್ತ ಹರಿಯಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಡುತ್ತದೆ. ಬೇರೆಯವರು ಲೇಸರ್ ಯಂತ್ರ ಇಟ್ಟು ಅಳೆಯುವುದನ್ನು ಇವನು ಒಂಟಿಗಣ್ಣಲ್ಲಿ ನೋಡಿ ಹೇಳುತ್ತಾನೆ. ಇಲಿನಾಯ್ ರಾಜ್ಯದ ದಕ್ಷಿಣದ ಈ ಮೂಲೆಯಲ್ಲಿ ಈ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಎದುರಾಡಿದರೆ ಅವನು ಜೇಬಿನಿಂದ, ಗಾಜಿನೊಳಗಿನ ಗುಳ್ಳೆ ನೋಡಿ ಮಟ್ಟ ಹೇಳುವ ರಸಮಟ್ಟ ತೆಗೆಯುತ್ತಾನೆ. ಭಾನುವಾರದ ಕೋಟಿನ ಜೇಬಿನಲ್ಲೂ ಒಂದು ಪುಟ್ಟ ರಸಮಟ್ಟ ಇರುತ್ತದೆ.

ಮದುವೆಯ ದಿನ ಪಾದ್ರಿ, ಈ ಹೆಣ್ಣನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಕೇಳಿದಾಗ ವರ್ಲಿನ್, "ಫಾದರ್, ನಿಮ್ಮ ಪೀಠ ಬಲಕ್ಕೆ ವಾಲಿದೆ" ಎಂದನಂತೆ. "ಹೌದು ಅಂದಿದ್ದು ಎರಡನೇ ಮಾತು" ಎಂದು ಅವನ ಹೆಂಡತಿ ಮಾರ್ವಾ ಇವತ್ತಿಗೂ ಹೇಳುತ್ತಾಳೆ. ಅವಳ ಅಪ್ಪ ತೀರಿಕೊಂಡಾಗ ಶವಪೆಟ್ಟಿಗೆಯ ತಲೆಯ ಕಡೆ ತಗ್ಗಾಗಿದೆ ಎಂದು ಹಾಡಿನ ಹಾಳೆಯನ್ನು ಮಡಿಸಿ ಅಡಿಗೆ ತೂರಿಸಿದ್ದೂ ಇವನೇ. ಎಲ್ಲರಿಗೂ ಮೈಯುರಿಯಿತು. ಆದರೆ ಆಮೇಲೆ ನೋಡಿದರೆ ಪೆಟ್ಟಿಗೆ ನಿಜಕ್ಕೂ ಮೊದಲಿಗಿಂತ ಸರಿಯಾಗಿ ಕೂತಿತ್ತು. ಇಂಥವನನ್ನು ಸಹಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ತಪ್ಪು ಹೇಳುವವನನ್ನಾದರೂ ಬೈಯಬಹುದು, ಸರಿ ಹೇಳುವವನನ್ನು ಏನು ಮಾಡುವುದು?

ಇಷ್ಟೆಲ್ಲ ಇದ್ದರೂ ವರ್ಲಿನ್‌ನ ಜುಟ್ಟು ಇನ್ನೊಬ್ಬನ ಕೈಯಲ್ಲಿತ್ತು. ಬುಲ್ಡೋಜರ್ ಡಾಂಬರು ರಸ್ತೆಯ ಮೇಲೆ ನಡೆಯುವ ಪ್ರಾಣಿಯಲ್ಲ. ಅದರ ಉಕ್ಕಿನ ಪಟ್ಟಿ ರಸ್ತೆಯನ್ನೇ ಕಿತ್ತು ಹಾಕುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅದನ್ನು ಹೊತ್ತೊಯ್ಯಲು ಲೋಬಾಯ್ ಬೇಕು. ಅಂದರೆ ಮುಂದೆ ಬಾತುಕೋಳಿಯ ಕತ್ತಿನಂತೆ ಮೇಲೆದ್ದು, ನಡುವೆ ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗಿ, ಹಿಂದೆ ಗಟ್ಟಿ ಚಕ್ರಗಳಿರುವ ಉದ್ದದ ಟ್ರೇಲರ್. ನಮ್ಮ ಕಡೆ ಅಂಥದ್ದು ಇದ್ದದ್ದು ಒಬ್ಬನ ಹತ್ತಿರ, ಡೆಲ್ಬರ್ಟ್ ಕೂನ್ಸ್ ಹತ್ತಿರ. ಮಾರ್ವಾಳ ಒಡಹುಟ್ಟಿದ ತಮ್ಮ, ವರ್ಲಿನ್‌ನ ಭಾವಮೈದುನ.

ಡೆಲ್ಬರ್ಟ್ ಮದುವೆಯಾಗಿರಲಿಲ್ಲ. ಊರಾಚೆ ಒಂದು ಮನೆ, ಮನೆಗಿಂತ ದೊಡ್ಡ ಶೆಡ್ಡು, ಶೆಡ್ಡಿನಲ್ಲಿ ಅವನ ಲಾರಿ ಮತ್ತು ಟ್ರೇಲರ್. ಕರೆದರೆ ಇಲ್ಲ ಎನ್ನುತ್ತಿರಲಿಲ್ಲ. ಏಳಕ್ಕೆ ಬಾ ಎಂದರೆ ಒಂಬತ್ತಕ್ಕೆ ಬರುತ್ತಿದ್ದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, "ಎಲ್ಲಿಗೆ ಹೊರಟಿದೆ ನಿನ್ನ ಮುದಿ ಆನೆ?" ಎನ್ನುತ್ತಿದ್ದ. ಬಾಡಿಗೆ ಕೊಡಲು ಹೋದರೆ ತಗೊಳ್ಳುತ್ತಿರಲಿಲ್ಲ. "ಅಕ್ಕನ ಗಂಡನ ಹತ್ರ ದುಡ್ಡು ಇಸ್ಕೊಳ್ಳೋದಾ? ಸತ್ರೂ ಇಲ್ಲ." ದುಡ್ಡು ತಗೊಂಡಿದ್ದರೆ ವರ್ಲಿನ್ ಅವನ ಬಾಯಿ ಮುಚ್ಚಿಸುತ್ತಿದ್ದ. ತಗೊಳ್ಳದ್ದರಿಂದ ಆ ಬಾಯಿ ಭಾನುವಾರ ಭಾನುವಾರ ಅತ್ತೆಯ ಮನೆಯ ಊಟದ ಮೇಜಿನಲ್ಲಿ ತೆರೆಯುತ್ತಿತ್ತು.

"ನಾನಿಲ್ದಿದ್ರೆ ನಮ್ಮ ವರ್ಲಿನ್ ಗತಿ ಏನಮ್ಮಾ? ಅವನ ಡೋಜರು ಹಿತ್ತಲಲ್ಲಿ ಕೋಳಿಗಳಿಗೆ ಮೊಟ್ಟೆ ಇಡೋ ಜಾಗ ಆಗಿರ್ತಿತ್ತು."

ಎಲ್ಲರೂ ನಗುತ್ತಿದ್ದರು. ವರ್ಲಿನ್ನೂ ನಗುತ್ತಿದ್ದ, ನಗದಿದ್ದರೆ ಇನ್ನೂ ಜಾಸ್ತಿ ನಗುತ್ತಾರೆಂಬ ಭಯಕ್ಕೆ. ನಗುತ್ತಲೇ ಮನಸ್ಸಿನೊಳಗೆ ಅವನನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದ. ಮುಖದಲ್ಲಿ ನಗು, ಬಾಯಿ ತುಂಬ ಆಲೂಗಡ್ಡೆ, ಒಳಗೆ ಬೈಗುಳ, ಹೀಗೆ ಇಪ್ಪತ್ತು ವರ್ಷ ನಡೆಯಿತು.

ಅದು ಮುರಿದುಬಿದ್ದದ್ದು ಈಸ್ಟರ್‌ಗೆ ಮುಂಚಿನ ಒಂದು ಶುಕ್ರವಾರ, ಚರ್ಚಿನ ನೆಲಮಾಳಿಗೆಯಲ್ಲಿ. ಆ ದಿನಗಳಲ್ಲಿ ಶುಕ್ರವಾರ ಮಾಂಸ ತಿನ್ನುವಂತಿಲ್ಲವೆಂದು ಊರಿಗೆ ಊರೇ ಅಲ್ಲಿ ಸೇರಿ ಕರಿದ ಮೀನು ತಿಂದು, ಮಾಂಸ ತಿಂದದ್ದಕ್ಕಿಂತ ಹೆಚ್ಚು ಹೊಟ್ಟೆ ಬಿರಿಸಿಕೊಳ್ಳುತ್ತದೆ. ಜೋಳ ಮತ್ತು ಸೋಯಾ ತುಂಬಿಡುವ ಊರ ಉಗ್ರಾಣದ ಮ್ಯಾನೇಜರು ವರ್ಲಿನ್ ಪಕ್ಕದಲ್ಲಿ ಕೂತಿದ್ದ. ರೈಲು ಹಳಿಯಾಚೆ ಹೊಸ ಕಣಜ ನಿಲ್ಲಿಸಬೇಕು, ನೆಲ ಮಟ್ಟ ಮಾಡಿಕೊಡು ಎಂದು ಕೇಳಿದ. ವರ್ಲಿನ್ ಎದೆಯುಬ್ಬಿಸಿ, "ಸೋಮವಾರವೇ ಶುರು ಮಾಡ್ತೀನಿ" ಎಂದ.

ಎದುರು ಸಾಲಿನಿಂದ ಡೆಲ್ಬರ್ಟ್ ಗದ್ದದ ಮೇಲಿನ ಸಾಸು ಒರೆಸಿಕೊಳ್ಳುತ್ತಾ, "ಸೋಮವಾರವಾ? ನನ್ನನ್ನ ಒಂದ್ ಮಾತು ಕೇಳ್ಬೇಡ್ವಾ? ನಾನು ಸೋಮವಾರ ಮೀನು ಹಿಡಿಯೋಕೆ ಹೋದ್ರೂ ಹೋದೆ. ಆಗ ಏನ್ಮಾಡ್ತೀಯಾ, ಡೋಜರನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ?" ಎಂದ.

ಇಡೀ ನೆಲಮಾಳಿಗೆ ಗೊಳ್ಳೆಂದಿತು. ಮೀನು ಕರಿಯುತ್ತಿದ್ದ ಪಾದ್ರಿಯೂ ಜಾಲರಿ ಸೌಟು ಹಿಡಿದುಕೊಂಡೇ ನಕ್ಕ. ಮನೆಗೆ ಹೋಗುವಾಗ ಕಾರಿನಲ್ಲಿ ವರ್ಲಿನ್ ಹೆಂಡತಿಗೆ ಹೇಳಿದ, "ಕೇಳಿಸ್ಕೋ ಮಾರ್ವಾ. ನಿನ್ನ ತಮ್ಮನಿಗೆ ಇನ್ನು ನಾನು ಫೋನ್ ಮಾಡಲ್ಲ. ಸಾಯೋ ತನಕ ಮಾಡಲ್ಲ."

"ಮತ್ತೆ ಡೋಜರು?"

"ನನ್ನದೇ ಲೋಬಾಯ್ ತರ್ತೀನಿ. ಹಳೇದಾದ್ರೂ ಸರಿ, ನನ್ನದು."

ಮಾರ್ವಾ ಕಾರಿನ ಕಿಟಕಿಯ ಗಾಜು ಇಳಿಸಿದಳು. ಅವಳಿಗೆ ಗಂಡನೂ ಗೊತ್ತು, ತಮ್ಮನೂ ಗೊತ್ತು. ಇಬ್ಬರ ಮಧ್ಯೆ ಮಾತಾಡಿದರೆ ಏನಾಗುತ್ತದೆ ಎನ್ನುವುದೂ ಗೊತ್ತು.

ಹೆದ್ದಾರಿಯ ಪಕ್ಕ ವೆಂಡೆಲ್ ಆಕರ್‌ಮನ್ ಎಂಬಾತನ ಬಯಲಿತ್ತು. ಹಳೆಯ ಟ್ರೇಲರುಗಳನ್ನು ಕೊಂಡು ಮಾರುವ ಜಾಗ. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋದರು. ವೆಂಡೆಲ್ ಕಾಗದದ ಲೋಟದಲ್ಲಿ ಕಾಫಿ ಕೊಟ್ಟ, ಹವಾಮಾನದ ಬಗ್ಗೆ ಮಾತಾಡಿದ, ಈ ಸಲ ಮುಸುಕಿನ ಜೋಳ ಹೇಗೋ ಏನೋ ಎಂದ. ಇವಿಷ್ಟು ಆಗದೆ ನಮ್ಮ ಕಡೆ ಸೂಜಿಯೂ ಮಾರಾಟವಾಗುವುದಿಲ್ಲ.

ವರ್ಲಿನ್ ಕೊಳ್ಳುವುದರಲ್ಲಿ ಪೆದ್ದನಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡಬೇಕು, ಅವನ ಮೇಲೆ ನನಗೆ ಅಷ್ಟು ದ್ವೇಷವಿಲ್ಲ. ಬೆನ್ನ ಮೇಲೆ ಮಲಗಿ ಪ್ರತಿ ಟ್ರೇಲರಿನ ಕೆಳಗೂ ತೂರಿದ. ಹೊಸ ಬಣ್ಣದ ಕೆಳಗೆ ಬಿರುಕು ಮುಚ್ಚಿದ್ದಾರೇನೋ ಎಂದು ಬೆಸುಗೆಗಳ ಮೇಲೆ ಸುತ್ತಿಗೆಯಿಂದ ಕುಟ್ಟಿ ಸದ್ದು ಕೇಳಿದ. ಬ್ರೇಕು ನೋಡಿದ, ಟೈರು ಒಂದೇ ಪಕ್ಕಕ್ಕೆ ಸವೆದಿದೆಯೇ ಎಂದು ಅಂಗೈಯಿಂದ ಸವರಿದ, ಹಲಗೆಗಳಿಗೆ ಚಾಕು ಚುಚ್ಚಿ ಕೊಳೆತಿವೆಯೇ ಎಂದು ಪರೀಕ್ಷಿಸಿದ. ಮುಂದಿನ ಕತ್ತನ್ನು ಕಳಚಿ ಮತ್ತೆ ಕೂಡಿಸಿ ತೋರಿಸು ಎಂದು ವೆಂಡೆಲ್‌ಗೆ ಬೆವರಿಳಿಸಿದ. ಕೊನೆಗೆ ನೀಲಿ ಬಣ್ಣದ ಒಂದು ಲೋಬಾಯ್ ಉಳಿಯಿತು. ಎಲ್ಲ ಸರಿಯಿತ್ತು. ವೆಂಡೆಲ್ ಕಾಗದ ತರಲು ಹೊರಟ.

ಆಗ ವರ್ಲಿನ್ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತ. ಒಂದು ಕಣ್ಣು ಮುಚ್ಚಿದ.

"ಏನಿದು? ಇದರ ಬೆನ್ನು ಉಬ್ಬಿದೆ!"

ಉಬ್ಬಿತ್ತು, ಸುಳ್ಳಲ್ಲ. ಬೆಕ್ಕು ನಿದ್ದೆಯಿಂದೆದ್ದು ಮೈಮುರಿಯುವಾಗ ಬೆನ್ನೆತ್ತುತ್ತದಲ್ಲ, ಆ ಥರ ನಡುವೆ ಸ್ವಲ್ಪ ಮೇಲಕ್ಕೆ ಕಮಾನಾಗಿತ್ತು. ಅದು ಹಾಗೇ ಇರಬೇಕು. ಭಾರ ಹೊರುವ ಟ್ರೇಲರನ್ನು ಕಟ್ಟುವವರು ಬೇಕೆಂದೇ ನಡುವನ್ನು ಉಬ್ಬಿಸಿ ಕಟ್ಟುತ್ತಾರೆ. ಮೇಲೆ ಬುಲ್ಡೋಜರ್ ಕೂತಾಗ ಆ ಉಬ್ಬು ಇಳಿದು ಹಲಗೆ ನೆಟ್ಟಗಾಗುತ್ತದೆ. ಖಾಲಿಯಿದ್ದಾಗಲೇ ನೆಟ್ಟಗಿದ್ದರೆ ಅದರ ಉಕ್ಕು ದುಡಿದು ದುಡಿದು ಸೋತಿದೆ ಎಂದರ್ಥ. ಲಾರಿಯ ಕಸುಬಿನ ಎಲ್ಲರಿಗೂ ಇದು ಗೊತ್ತು. ವರ್ಲಿನ್ ಮಣ್ಣಿನ ಕಸುಬಿನವನು. ಇಪ್ಪತ್ತು ವರ್ಷ ಲೋಬಾಯ್ ಅವನ ಕಣ್ಣೆದುರೇ ಬಂದು ಹೋಗಿತ್ತಲ್ಲ, ನೋಡಿರಲಿಲ್ಲವೇ ಎಂದು ನೀವು ಕೇಳಬಹುದು. ಡೆಲ್ಬರ್ಟ್‌ನ ಗಾಡಿಯನ್ನು ನೋಡಿ ಅದಕ್ಕೆ ಮರ್ಯಾದೆ ಕೊಡುವವನಲ್ಲ ಅವನು. ಅದು ಬಂದಾಗಲೆಲ್ಲ ಆಕಾಶ ನೋಡುತ್ತಿದ್ದ.

ವೆಂಡೆಲ್ ಕೆಮ್ಮಿ, "ಮಿಸ್ಟರ್ ಟೇಟ್, ಆ ಉಬ್ಬು ಇದ್ಯಲ್ಲಾ, ಅದೇನಪ್ಪಾ ಅಂದ್ರೆ..." ಎಂದು ಶುರುಮಾಡಿದ.

"ನಂಗೆ ಮಟ್ಟದ ಪಾಠ ಹೇಳ್ಬೇಡಪ್ಪಾ. ನೀನು ಹುಟ್ಟೋಕೆ ಮುಂಚಿಂದ ಮಟ್ಟ ನೋಡ್ತಿದ್ದೀನಿ."

ವೆಂಡೆಲ್ ಅವನಿಗಿಂತ ಹತ್ತು ವರ್ಷ ದೊಡ್ಡವನು. ಆದರೂ ಬಾಯಿ ಮುಚ್ಚಿದ. ನಮ್ಮ ಕಡೆಯ ಮರ್ಯಾದೆಯೇ ಹಾಗೆ. ಮಳೆಯನ್ನು ಬೈಯಬಹುದು, ಸರ್ಕಾರವನ್ನು ಬೈಯಬಹುದು, ಪಕ್ಕದೂರಿನ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗರಿಗೆ ಅಪ್ಪಂದಿರೇ ಇಲ್ಲ ಎಂದರೂ ನಡೆಯುತ್ತದೆ. ಆದರೆ ಒಬ್ಬ ಗಂಡಸಿಗೆ ಅವನದೇ ಕಸುಬಿನಲ್ಲಿ, ಅವನ ಹೆಂಡತಿಯ ಎದುರು, ನಿನ್ನದು ತಪ್ಪು ಎಂದು ಹೇಳುವ ಹಾಗಿಲ್ಲ. ಹಾಗೆ ಹೇಳದೆ ನಾವು ಎಷ್ಟೋ ಜನರನ್ನು ಹಾಳು ಮಾಡಿದ್ದೇವೆ.

ವರ್ಲಿನ್ ಕೆಂಪು ಟ್ರೇಲರಿನ ಹಿಂದೆ ಕೂತ. ಅದರ ಬೆನ್ನೂ ಉಬ್ಬಿತ್ತು. ಹಳದಿಯದೂ ಉಬ್ಬಿತ್ತು. ಇಡೀ ಬಯಲಿನಲ್ಲಿ ಸೊಟ್ಟಗಿಲ್ಲದ ಟ್ರೇಲರೇ ಇಲ್ಲವಲ್ಲ ಎಂದು ಗೊಣಗುತ್ತಾ ಬೇಲಿಯ ಪಕ್ಕಕ್ಕೆ ಹೋದರೆ ಅಲ್ಲಿ, ಹುಲ್ಲು ಬೆಳೆದ ಮೂಲೆಯಲ್ಲಿ, ಕಪ್ಪು ಬಣ್ಣ ಬಳಿದ ಒಂದು ನಿಂತಿತ್ತು. ಕೂತು ನೋಡಿದ. ಎದ್ದು ಇನ್ನೊಂದು ತುದಿಗೆ ಹೋಗಿ ಕೂತು ನೋಡಿದ. ಜೇಬಿನಿಂದ ದಾರ ತೆಗೆದು ಒಂದು ತುದಿಯನ್ನು ಮಾರ್ವಾಳ ಕೈಗೆ ಕೊಟ್ಟು ಉದ್ದಕ್ಕೂ ಎಳೆದ. ದಾರ ಹಲಗೆಗೆ ಅಂಟಿಕೊಂಡಂತೆ ಕೂತಿತು. ರಸಮಟ್ಟ ಇಟ್ಟ. ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ವರ್ಲಿನ್‌ನ ಕಣ್ಣು ಒದ್ದೆಯಾಯಿತು ಎಂದರೆ ನೀವು ನಂಬುವುದಿಲ್ಲ, ಆದರೆ ಆಯಿತು.

"ನೋಡು ಮಾರ್ವಾ! ಗೆರೆ ಎಳೆದ ಹಾಗಿದೆ!"

ಮಾರ್ವಾ ದಾರದ ತುದಿ ಹಿಡಿದುಕೊಂಡೇ ಬಯಲೆಲ್ಲ ಒಮ್ಮೆ ನೋಡಿದಳು. "ಅಲ್ಲಾ ವರ್ಲ್, ಇಲ್ಲಿರೋ ಎಲ್ಲಾದ್ರ ಬೆನ್ನೂ ಉಬ್ಬಿದೆ, ಇದೊಂದ್ರದು ಮಾತ್ರ ಇಲ್ಲ. ಯಾಕಿರಬಹುದು?"

ಅವಳು ಕೇಳಿದ್ದು ಸಾದಾ ಪ್ರಶ್ನೆ. ಉತ್ತರ ಗೊತ್ತಿದ್ದ ವೆಂಡೆಲ್ ಆಕರ್‌ಮನ್ ಅದನ್ನು ಕೇಳಿ ಇದ್ದಕ್ಕಿದ್ದಂತೆ ಆಕಾಶದಲ್ಲಿ ಹಕ್ಕಿ ಹುಡುಕತೊಡಗಿದ. ಉತ್ತರ ಗೊತ್ತಿಲ್ಲದ ವರ್ಲಿನ್ ಕ್ಷಣವೂ ತಡಮಾಡಲಿಲ್ಲ.

"ಯಾಕೆ ಅಂದ್ರೆ, ಅವನ್ನೆಲ್ಲ ನಿನ್ನ ತಮ್ಮನಂಥವರು ಓಡ್ಸಿದ್ದಾರೆ. ಇದೊಂದನ್ನ ಯಾರೋ ಕಸುಬು ಗೊತ್ತಿರೋನು ಜೋಪಾನ ಮಾಡಿದ್ದಾನೆ."

"ನಿಮಗೆ ಹಿಡಿಸಿದ್ರೆ ಆಯ್ತು" ಎಂದ ವೆಂಡೆಲ್. ಪಾಪ, ಅವನು ಬೆಲೆಯನ್ನು ತಾನೇ ಇಳಿಸಿದ. ಕೇಳದೆಯೇ ಬೆಲೆ ಇಳಿಸುವ ವ್ಯಾಪಾರಿಯನ್ನು ಕಂಡರೆ ಹೆದರಬೇಕು. ವರ್ಲಿನ್ ಅದನ್ನೂ ತನ್ನ ಜಾಣತನದ ಲೆಕ್ಕಕ್ಕೆ ಸೇರಿಸಿಕೊಂಡ.

ಕಪ್ಪು ಟ್ರೇಲರ್ ಮನೆಯ ಮುಂದೆ ಬಂದು ನಿಂತಿತು. ವರ್ಲಿನ್ ಅದನ್ನು ತೊಳೆದ, ಸಂಜೆ ಇನ್ನೊಮ್ಮೆ ತೊಳೆದ. ಹಾದಿಹೋಕರನ್ನು ಕರೆದು, ಹಿಂದೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ ತೋರಿಸಿದ. ಕಾಟ್ರೆಲ್‌ನಲ್ಲಿ ಲಾರಿ ಓಡಿಸಿದವರಿಗೇನು ಬರವೇ? ಕೂತು ನೋಡಿದರು, ಗಂಟಲು ಸರಿಮಾಡಿಕೊಂಡರು. "ಟೈರು ಚೆನ್ನಾಗಿದೆ" ಎಂದ ಒಬ್ಬ. "ಒಳ್ಳೇ ಕಪ್ಪು ಬಣ್ಣ" ಎಂದ ಇನ್ನೊಬ್ಬ. ಮೂರನೆಯವನು ಬಹಳ ಹೊತ್ತು ಯೋಚಿಸಿ, "ಟ್ರೇಲರು ಅಂದ್ಮೇಲೆ ಟ್ರೇಲರು" ಎಂದು ಮನೆಗೆ ಹೋದ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅವನೊಬ್ಬನಿಗೆ ಗೊತ್ತಾಗದಂತೆ ಊರೆಲ್ಲ ಸೇರಿ ಕಾಪಾಡಿತು.

ಉಗ್ರಾಣದ ಕೆಲಸ ಆ ಸೋಮವಾರ ಆಗಲಿಲ್ಲ. ಟ್ರೇಲರಿನ ಕಾಗದ ಪತ್ರ, ಅದನ್ನೆಳೆಯಲು ಒಂದು ಹಳೆಯ ಲಾರಿಯ ಖರೀದಿ, ಆಮೇಲೆ ಮಳೆ, ಆಮೇಲೆ ಕೆಸರು ಎಂದು ಏಪ್ರಿಲ್ ಕಳೆಯಿತು. ಅಷ್ಟು ದಿನವೂ ವರ್ಲಿನ್ ಭಾವಮೈದುನನಿಗೆ ಒಂದು ಫೋನೂ ಮಾಡಲಿಲ್ಲ. ಭಾನುವಾರದ ಊಟದಲ್ಲಿ ಡೆಲ್ಬರ್ಟ್ ಈಗ ಮಾತಾಡುತ್ತಿರಲಿಲ್ಲ. ತಲೆ ತಗ್ಗಿಸಿ ತಿನ್ನುತ್ತಿದ್ದ, ಕೊನೆಯ ಸಿಹಿಗೂ ಕಾಯದೆ ಎದ್ದು ಹೋಗುತ್ತಿದ್ದ. ವರ್ಲಿನ್‌ಗೆ ಇಪ್ಪತ್ತು ವರ್ಷಗಳಲ್ಲಿ ಅತ್ತೆಯ ಮನೆಯ ಅಡುಗೆ ರುಚಿಸಿದ್ದು ಆಗಲೇ. ಡೆಲ್ಬರ್ಟ್‌ನ ಪಾಲಿನ ಸಿಹಿಯನ್ನೂ ಅವನೇ ತಿಂದ.

"ಅವನಿಗೆ ಮೈ ಸರಿಯಿಲ್ವೇನೋ" ಎಂದಳು ಮಾರ್ವಾ ಒಂದು ಭಾನುವಾರ.

"ಮೈ ಸರಿಯಾಗಿದೆ, ಸೊಕ್ಕು ಇಳಿದಿದೆ" ಎಂದ ವರ್ಲಿನ್, ಬಾಯಿ ಒರೆಸಿಕೊಳ್ಳುತ್ತಾ.

ನೆಲ ಒಣಗಿತು. ಆ ದಿನ ಬೆಳಿಗ್ಗೆ ವರ್ಲಿನ್ ಟ್ರೇಲರನ್ನು ತನ್ನ ಲಾರಿಗೆ ಕೂಡಿಸಿ ಬುಲ್ಡೋಜರನ್ನು ತಾನೇ ಹತ್ತಿಸಿದ. ಹತ್ತಿಸುವವನು ಮುಂದೆ ನೋಡುತ್ತಿರುತ್ತಾನೆ, ಕೆಳಗೆ ಏನಾಗುತ್ತಿದೆ ಎಂದು ಅವನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಮಾರ್ವಾಳಿಗೆ ಕಂಡಿತು.

"ವರ್ಲ್, ಮಧ್ಯದಲ್ಲಿ ಜೋತು ಬಿತ್ತು ಕಣೋ!"

"ಭಾರ ಕೂತ್ರೆ ಏನೇ ಆದ್ರೂ ಸ್ವಲ್ಪ ಬಗ್ಗತ್ತೆ ಕಣೇ. ನೀನು ಕೂತ್ರೆ ನಮ್ಮನೆ ಸೋಫಾ ಬಗ್ಗಲ್ವಾ?"

ಮಾರ್ವಾ ತನ್ನ ಪಿಕಪ್ ಹತ್ತಿ, ಅಗಲದ ಹೊರೆ ಬರುತ್ತಿದೆ ಎನ್ನುವ ಹಳದಿ ದೀಪ ಹಚ್ಚಿ, ಹಿಂದೆ ಹೊರಟಳು.

ಉಗ್ರಾಣಕ್ಕೆ ಹೋಗಲು ಎರಡು ದಾರಿ. ಹೊಲಗಳ ಸುತ್ತ ಬಳಸಿ ಹೋದರೆ ಹಳಿ ಮತ್ತು ರಸ್ತೆ ಒಂದೇ ಸಮನಾಗಿವೆ. ಊರ ನಡುವಿನ ದೊಡ್ಡ ಬೀದಿಯಲ್ಲಿ ಹೋದರೆ ಹತ್ತಿರ, ಆದರೆ ಅಲ್ಲಿ ಹಳಿ ದಾಟುವ ಜಾಗ ಮನೆಯ ಸೂರಿನ ಹಾಗೆ ಎರಡೂ ಕಡೆ ಇಳಿಜಾರು. ರೈಲಿನವರು ಆಗಾಗ ಕಲ್ಲು ತುಂಬಿ ಹಳಿ ಎತ್ತರಿಸುತ್ತಾರೆ, ರಸ್ತೆ ಇದ್ದಲ್ಲೇ ಇರುತ್ತದೆ. ಡೆಲ್ಬರ್ಟ್ ಯಾವಾಗಲೂ ಬಳಸು ದಾರಿಯಲ್ಲೇ ಹೋಗುತ್ತಿದ್ದ. ಅವನಿಗೆ ಸೋಮಾರಿತನ, ಸುತ್ತಾಡುವ ಚಟ ಎಂದು ವರ್ಲಿನ್ ತಿಳಿದಿದ್ದ.

ದೊಡ್ಡ ಬೀದಿಯಲ್ಲಿ ಇನ್ನೊಂದು ಆಕರ್ಷಣೆಯಿತ್ತು. ಅಲ್ಲಿನ ಕಾಫಿ ಅಂಗಡಿಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಡೆಲ್ಬರ್ಟ್ ದಿನಾ ಬೆಳಿಗ್ಗೆ ಕೂರುತ್ತಿದ್ದ. ಆ ಕಿಟಕಿಯ ಮುಂದೆ ವರ್ಲಿನ್ ಮದುವೆಯ ಮೆರವಣಿಗೆಯ ವೇಗದಲ್ಲಿ ಲಾರಿ ಓಡಿಸಿದ, ಉದ್ದಕ್ಕೆ ಹಾರ್ನ್ ಒತ್ತಿದ, ತಲೆ ತಿರುಗಿಸಿ ನೋಡಿದ. ಕುರ್ಚಿ ಖಾಲಿ ಇತ್ತು.

ಆ ಬೇಜಾರು ಮುಗಿಯುವ ಮೊದಲೇ ಹಳಿ ಬಂತು. ಲಾರಿ ಹತ್ತಿತು, ಇಳಿಯಿತು. ಟ್ರೇಲರಿನ ಕತ್ತು ಹತ್ತಿತು, ಇಳಿಯಿತು. ಹೊಟ್ಟೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ ಕೇಳಿತು, ಬೀದಿಯ ಎರಡೂ ಬದಿಯ ಅಂಗಡಿಯವರು ಹಲ್ಲು ಜುಮ್ಮೆಂದು ಹೊರಗೆ ಓಡಿಬಂದರು. ಮೂವತ್ತು ಟನ್ನಿನ ಬುಲ್ಡೋಜರ್ ಹೊತ್ತ ಟ್ರೇಲರ್ ಹಳಿಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತುಬಿಟ್ಟಿತು. ಹಿಂದಿನ ಚಕ್ರಗಳಿಗೆ ನೆಲ ಅರ್ಧಂಬರ್ಧ ಸಿಕ್ಕುತ್ತಿತ್ತು. ಲಾರಿಯ ಚಕ್ರಗಳು ಹೊಗೆ ಎಬ್ಬಿಸುತ್ತಾ ಇದ್ದಲ್ಲೇ ತಿರುಗಿದವು.

ಮಾರ್ವಾ ಪಿಕಪ್ಪಿನಿಂದ ಹಾರಿ ಹಳಿಯ ಪಕ್ಕದ ಕಂಬದ ಮೇಲಿನ ನೀಲಿ ಫಲಕದ ಹತ್ತಿರ ಓಡಿದಳು. ಅದರಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ರೈಲು ನಿಲ್ಲಿಸಲು ಹೇಳಿದಳು. ಆ ದಿನ ಏನೂ ಅನಾಹುತವಾಗಲಿಲ್ಲವೆಂದರೆ ಅದು ಅವಳಿಂದ. ಅವಳ ಗಂಡ ಆಗ ಟ್ರೇಲರಿನ ಕತ್ತು ಎತ್ತುವ ಪಂಪು ಚಾಲೂ ಮಾಡಿ ಹೊಟ್ಟೆ ಬಿಡಿಸಲು ನೋಡುತ್ತಿದ್ದ. ಕತ್ತು ಎದ್ದಿತು, ಹೊಟ್ಟೆ ಏಳಲಿಲ್ಲ. ನಡು ಸೋತ ಟ್ರೇಲರಿಗೆ ಕತ್ತು ಎತ್ತಿ ಏನು ಪ್ರಯೋಜನ?

ದೂರದಲ್ಲಿ ಕಲ್ಲಿದ್ದಲಿನ ಉದ್ದನೆಯ ರೈಲು ನಿಂತು ಕೂಗಿತು. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ಶಾಲೆಯ ಬಸ್ಸು, ಅಂಚೆಯವಳ ಕಾರು, ಯಾರದೋ ಶವಸಂಸ್ಕಾರಕ್ಕೆ ಹೂ ಒಯ್ಯುತ್ತಿದ್ದ ವ್ಯಾನು. ಊರಿನವರು ಕಾಫಿ ಲೋಟ ಹಿಡಿದು ಪಾದಚಾರಿ ಕಟ್ಟೆಯ ಮೇಲೆ ನಿಂತರು. ಒಬ್ಬರೂ ಒಂದು ಮಾತಾಡಲಿಲ್ಲ, ಅಷ್ಟು ಮರ್ಯಾದಸ್ಥರು.

ರೈಲಿನ ಅಧಿಕಾರಿಯೊಬ್ಬ ಜೀಪಿನಲ್ಲಿ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ. ವರ್ಲಿನ್ ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದ, "ನಿಮ್ಮ ಹಳಿ ಎತ್ತರ ಆಗಿದೆ."

"ನಾವು ಎತ್ತರಿಸಿ ಆರು ವರ್ಷ ಆಯ್ತು" ಎಂದ ಅಧಿಕಾರಿ. ಅವನು ಹೊರಗಿನವನು, ನಮ್ಮ ಮರ್ಯಾದೆ ಅವನಿಗೆ ಗೊತ್ತಿಲ್ಲ. "ನಿನ್ನೆವರೆಗೆ ಯಾರ ಹೊಟ್ಟೇನೂ ತಾಗಿರ್ಲಿಲ್ಲ. ನಿನ್ನ ಟ್ರೇಲರ್ ಸತ್ತಿದೆ ಮಾರಾಯ. ನಡು ಬಿದ್ದುಹೋಗಿದೆ. ಇದನ್ನ ಕೊಂಡ್ಕೊಳ್ವಾಗ ಒಂದ್ಸಲ ಕೂತ್ಕೊಂಡು ಹಲಗೆ ನೋಡ್ಲಿಲ್ವಾ? ಖಾಲಿ ಇದ್ದಾಗ ಉಬ್ಬಿರ್ಬೇಕು, ಉಬ್ಬಿತ್ತಾ?"

ವರ್ಲಿನ್ ಕೂತಲ್ಲಿಂದ ಏಳಲಿಲ್ಲ. ಅವನ ಮುಖ ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಆ ಬಯಲಿನ ನೀಲಿ, ಕೆಂಪು, ಹಳದಿ ಟ್ರೇಲರುಗಳೆಲ್ಲ ಬೆನ್ನುಬ್ಬಿಸಿಕೊಂಡು ಅವನ ಕಣ್ಣಮುಂದೆ ಸಾಲಾಗಿ ಹಾದುಹೋಗಿರಬೇಕು.

"ನಗರದಿಂದ ಎಳೆಯೋ ಗಾಡಿ ಬರ್ಬೇಕು ಅಂದ್ರೆ ಸಂಜೆ ಆಗತ್ತೆ" ಎಂದ ಅಧಿಕಾರಿ ಜನರ ಕಡೆ ತಿರುಗಿ. "ಈ ಊರಲ್ಲಿ ದೊಡ್ಡ ಲಾರಿ, ದೊಡ್ಡ ಜಾಕು ಇರೋರು ಯಾರೂ ಇಲ್ವಾ?"

ಜನ ತಮ್ಮ ತಮ್ಮ ಕಾಫಿ ನೋಡಿಕೊಂಡರು. ಎಲ್ಲರ ನಾಲಿಗೆಯ ಮೇಲೂ ಇದ್ದದ್ದು ಒಂದೇ ಹೆಸರು, ಅದನ್ನು ಯಾರೂ ಹೇಳಲಿಲ್ಲ. ಮಾರ್ವಾ ಬಂದು ಗಂಡನ ಮುಖದ ಮುಂದೆ ಫೋನು ಹಿಡಿದಳು.

"ನೀನ್ ಮಾಡ್ತೀಯೋ, ನಾನ್ ಮಾಡ್ಲೋ?"

"ನೀನೇ ಮಾಡು."

"ಬಸ್ಸಲ್ಲಿ ಮಕ್ಕಳು ಕಾಯ್ತಿದಾರೆ ವರ್ಲ್. ನಾನ್ ಮಾಡಲ್ಲ. ಸಾಯೋ ತನಕ ಮಾಡಲ್ಲ ಅಂದೋನು ನೀನು, ಈಗ ಬದುಕಿರುವಾಗ್ಲೇ ಮಾಡು."

ಅವನು ಫೋನು ತಗೊಂಡ. ಅದು ಒಂದು ಸಲ ಪೂರ್ತಿ ಬಡಿದುಕೊಳ್ಳುವ ಮೊದಲೇ ಆ ಕಡೆ ಎತ್ತಿದರು.

"ನಾನು" ಎಂದ ವರ್ಲಿನ್.

"ಗೊತ್ತು. ಹೇಳು."

"ನಿನ್ನ ಲಾರಿ... ಬಿಡುವಾಗಿದ್ಯಾ?"

"ಎಲ್ಲಿದ್ದೀಯಾ?"

"ದೊಡ್ಡ ಬೀದಿ. ಹಳಿ ಮೇಲೆ."

ಆ ಕಡೆಯಿಂದ ಬಾಗಿಲು ಬಡಿದ ಸದ್ದು ಬಂತು. ಎಂದೂ ಎರಡು ಗಂಟೆ ತಡವಾಗದೆ ಬರದ ಮನುಷ್ಯ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಕಾಲುಚೀಲವಿಲ್ಲದ ಬೂಟಿನಲ್ಲಿ, ಜನ ಇನ್ನೊಂದು ಲೋಟ ಕಾಫಿ ತರುವಷ್ಟರಲ್ಲಿ ಲಾರಿ ಸಮೇತ ಬಂದು ನಿಂತ. ಯಾರ ಮುಖವನ್ನೂ ನೋಡಲಿಲ್ಲ. ಟ್ರೇಲರಿನ ಕೆಳಗೆ ತೂರಿ ಜಾಕು ಇಟ್ಟ, ದಪ್ಪ ಮರದ ತುಂಡುಗಳನ್ನು ತೂರಿಸಿದ, ಇಂಚಿಂಚೇ ಎತ್ತಿ, ತನ್ನ ಲಾರಿಗೆ ಸರಪಳಿ ಬಿಗಿದು ಎಳೆದ. ಕಪ್ಪು ಟ್ರೇಲರ್ ಇನ್ನೊಮ್ಮೆ ಕಿರುಚಿ ಹಳಿಯಿಂದ ಇಳಿಯಿತು. ರೈಲು ಹೋಯಿತು, ಬಸ್ಸು ಹೋಯಿತು, ಹೂವಿನ ವ್ಯಾನು ಹೋಯಿತು. ಜನ ಹೋಗಲಿಲ್ಲ. ಇನ್ನು ಡೆಲ್ಬರ್ಟ್ ಏನನ್ನುತ್ತಾನೆ ಎಂದು ಕಾದು ನಿಂತರು. ಅದನ್ನು ಕೇಳದೆ ಹೋದರೆ ಅವರ ಬೆಳಗು ದಂಡ.

ವರ್ಲಿನ್ನೂ ಅದಕ್ಕೇ ಕಾದ. ಹೇಳಿಬಿಡಲಿ, ಡೋಜರನ್ನು ಹೆಗಲ ಮೇಲೆ ಹೊತ್ತಿದ್ದರೆ ಇಷ್ಟು ಹೊತ್ತಿಗೆ ತಲುಪುತ್ತಿದ್ದೆ ಎನ್ನಲಿ, ಎಲ್ಲರೂ ನಗಲಿ, ನಾನೂ ನಗುತ್ತೇನೆ, ಒಳಗೊಳಗೇ ಬೈದುಕೊಳ್ಳುತ್ತೇನೆ, ಮುಗಿಯಲಿ ಎಂದು ಹಲ್ಲು ಕಚ್ಚಿ ನಿಂತ.

ಡೆಲ್ಬರ್ಟ್ ಸರಪಳಿ ಸುತ್ತಿ ಲಾರಿಯ ಹಿಂದೆ ಎಸೆದು, ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಅವನ ಹತ್ತಿರ ಬಂದ. ಜನರಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ.

"ಇಷ್ಟು ದಿನ ನನ್ನ ಮನೆ ಫೋನು ಬಡ್ಕೊಳ್ಲೇ ಇಲ್ಲ ವರ್ಲಿನ್. ಕೆಟ್ಟೋಗಿದೆ ಅಂದ್ಕೊಂಡೆ. ಅಂಗಡಿಗೆ ತಗೊಂಡು ಹೋಗಿ ತೋರಿಸ್ದೆ. ಚೆನ್ನಾಗೇ ಇದೆ ಅಂದ್ರು." ತಪ್ಪಾಗಿ ಹಾಕಿದ್ದ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಂಡ. "ಕಾಫಿ ಅಂಗಡೀಲಿ ಕೂತ್ರೆ ನೀನು ಮನೆಗೆ ಫೋನ್ ಮಾಡ್ತೀಯೇನೋ ಅಂತ ಅಲ್ಲಿಗೂ ಹೋಗೋದು ಬಿಟ್ಟೆ. ಆ ಮೀನಿನ ದಿನ ನಾನು ಹಾಗನ್ಬಾರ್ದಿತ್ತು. ನೀನು ಕರೀದಿದ್ರೆ ನಂಗಿನ್ಯಾರು ಕರೀತಾರೆ ಹೇಳು?"

ವರ್ಲಿನ್ ಟೇಟ್‌ನ ಬಳಿ ಭಾವಮೈದುನನ ಕುಹಕಕ್ಕೆ ಇಪ್ಪತ್ತು ವರ್ಷದ ಉತ್ತರಗಳು ಸಿದ್ಧವಾಗಿದ್ದವು. ಇದು ಕುಹಕವಾಗಿರಲಿಲ್ಲ. ಎದುರಿಗಿದ್ದ ಕಣ್ಣುಗಳಲ್ಲಿ ನೀರು ನಿಂತಿದ್ದನ್ನು ಅವನು ಎರಡೂ ಕಣ್ಣು ಬಿಟ್ಟು ನೋಡಿದ. ತಾನು ಎಷ್ಟೇ ಒಳ್ಳೆಯ ಟ್ರೇಲರ್ ತಂದರೂ ಇನ್ನು ಇವನಿಂದ ಬಿಡುಗಡೆಯಿಲ್ಲ ಎನ್ನುವುದು ಆ ಕ್ಷಣ ಅವನಿಗೆ ಖಚಿತವಾಯಿತು. ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತಂತೆ, ಆಮೇಲೆ ಮಾರ್ವಾಳ ಹತ್ತಿರ ಹೇಳಿಕೊಂಡ.

"ಉಗ್ರಾಣದ್ದು ಆದ್ಮೇಲೆ ಡೋಜರು ಎಲ್ಲಿಗೆ ಹೋಗ್ಬೇಕು?" ಡೆಲ್ಬರ್ಟ್ ಮೂಗು ಒರೆಸಿಕೊಂಡು ಕೇಳಿದ.

"ಶಾಲೆ ಬಯಲಿಗೆ. ಗುರುವಾರ. ಏಳಕ್ಕೆ."

"ಏಳಕ್ಕೆ ಬರ್ತೀನಿ."

ಗುರುವಾರ ಡೆಲ್ಬರ್ಟ್ ಒಂಬತ್ತೂವರೆಗೆ ಬಂದ. ಬೇಲಿಗೊರಗಿ ಕಾದು ನಿಂತಿದ್ದ ವರ್ಲಿನ್ ಎಂದಿನಂತೆ ಅವನನ್ನು ಮನಸ್ಸಿನಲ್ಲೇ ಬೈಯಲು ಹಲ್ಲು ಕಚ್ಚಿದ, ಒಂದು ಬೈಗುಳವೂ ಹುಟ್ಟಲಿಲ್ಲ. ಇಪ್ಪತ್ತು ವರ್ಷ ಅವನಿಗಿದ್ದ ಆ ಒಂದೇ ಒಂದು ಸುಖವೂ ಹೋಗಿತ್ತು.